ಕೆಲಸದ ಮೇಲೆ ಅಂಡಮಾನಿಗೆ ಹೊರಟಿದ್ದೀರಾ? ಗ್ರಾಹಕರ ಮೆಸೇಜ್‌ಗಳನ್ನು ಅಲ್ಲಿಂದಲೇ ನೋಡಿಕೊಳ್ಳುವ ಸಮಗ್ರ ಮಾರ್ಗದರ್ಶಿ

ದಾವಣಗೆರೆಯ ಗ್ರಾಹಕರೊಬ್ಬರು ಒಂದೇ ಬೆಳಿಗ್ಗೆ ನನಗೆ ಹನ್ನೊಂದು ಮೆಸೇಜ್ ಕಳಿಸಿದ್ದರು. ಮೊದಲನೆಯದು: "ಮೇಡಂ, ಅಡ್ವಾನ್ಸ್ ಹಾಕಿದೀನಿ, ಬಂತಾ ನೋಡಿ." ಕೊನೆಯದು: "ಇದ್ದೀರಾ ಇಲ್ವಾ?" ಆ ಹೊತ್ತಿಗೆ ನಾನು ಅಂಡಮಾನಿನ ಸ್ವರಾಜ್ ದ್ವೀಪದಿಂದ ವಾಪಸ್ ಬರುವ ಹಡಗಿನಲ್ಲಿದ್ದೆ. ಸುತ್ತ ನೀರು, ಫೋನಿನಲ್ಲಿ ಸಿಗ್ನಲ್ ಇಲ್ಲ. ವಾಟ್ಸಾಪ್ ಬಿಸಿನೆಸ್‌ನಲ್ಲಿ ಅವೇ (away) ಮೆಸೇಜ್, ಅಂದರೆ ನಾವು ಇಲ್ಲದಾಗ ಹೋಗುವ ಸಿದ್ಧ ಉತ್ತರ, ಹಾಕಿಟ್ಟಿದ್ದೆ. ಅದು ತಾನಾಗೇ ಹೋಗಿರುತ್ತೆ ಅಂದುಕೊಂಡಿದ್ದೆ. ಹೋಗಿರಲಿಲ್ಲ. ಜೆಟ್ಟಿಯಲ್ಲಿ ಇಳಿದು ನೆಟ್ ಬಂದಾಗ ಹನ್ನೊಂದೂ ಒಟ್ಟಿಗೆ ಬಂದು ಬಿದ್ದವು. ಇಪ್ಪತ್ತೈದು ಸಾವಿರ ಹಾಕಿ ಮೂರು ಗಂಟೆ ಉತ್ತರ ಬರದಿದ್ದರೆ ಯಾರಿಗೇ ಆಗಲಿ ಎದೆ ಹೊಡೆದುಕೊಳ್ಳುತ್ತದೆ. ಅವರಿಗೆ ಹಾಗಾಗಿದ್ದು ನನ್ನ ತಪ್ಪಿನಿಂದ.

ಕರ್ನಾಟಕದಿಂದ ಅಂಡಮಾನಿಗೆ ಗುಂಪು ಕರೆದುಕೊಂಡು ಹೋಗುವ ಚಿಕ್ಕ ಪ್ರವಾಸ ವ್ಯವಹಾರ ನಮ್ಮದು. ಗ್ರಾಹಕರ ಮಾತುಕತೆಯೆಲ್ಲ ವಾಟ್ಸಾಪ್, ಇನ್‌ಸ್ಟಾಗ್ರಾಂ, ಫೇಸ್‌ಬುಕ್‌ನಲ್ಲೇ. ಗುಂಪಿನ ಜೊತೆ ಹೋಗುವವಳೂ ನಾನೇ, ಉತ್ತರ ಕೊಡುವವಳೂ ನಾನೇ. ನಿಮ್ಮದು ಸೀರೆ ವ್ಯಾಪಾರ ಇರಬಹುದು, ರೆಸಾರ್ಟ್ ಫೋಟೋ ತೆಗೆಯುವ ಕೆಲಸ ಇರಬಹುದು. ಕಸ್ಟಮರ್ ಮೆಸೇಜ್ ನಂಬಿಕೊಂಡ ಕೆಲಸ ಆಗಿದ್ದರೆ ಈ ಕ್ರಮ ನಿಮಗೂ ಹೊಂದುತ್ತದೆ. ದ್ವೀಪದಲ್ಲಿ ಎಷ್ಟು ಬೇಗ ಉತ್ತರ ಹೋಗುತ್ತದೆ ಅನ್ನುವುದು ನಮ್ಮ ಕೈಯಲ್ಲಿ ಇರುವುದಿಲ್ಲ. ಯಾವಾಗ ಉತ್ತರ ಕೊಡುತ್ತೇವೆ ಅಂತ ಮೊದಲೇ ಹೇಳುವುದು ನಮ್ಮ ಕೈಯಲ್ಲಿದೆ. ಕೆಳಗಿನ ಎಲ್ಲ ಹಂತಗಳೂ ಅದಕ್ಕಾಗಿಯೇ.

ಹಂತ 1: ನೆಟ್ ಎಲ್ಲಿ ಸಿಗುತ್ತದೆ, ಎಲ್ಲಿ ಸಿಗಲ್ಲ ಅಂತ ತಿಳಿದುಕೊಳ್ಳಿ

"ಅಂಡಮಾನಿನಲ್ಲಿ ನೆಟ್ಟೇ ಇಲ್ಲ" ಅನ್ನುವುದು ಹಳೆಯ ಮಾತು. ಮೊದಲು ಎಲ್ಲವೂ ಉಪಗ್ರಹದ ಮೂಲಕ ಬರುತ್ತಿತ್ತು, ತುಂಬಾ ನಿಧಾನ ಇತ್ತು. 2020ರ ಆಗಸ್ಟ್ 10ರಂದು ಚೆನ್ನೈನಿಂದ ಸಮುದ್ರದಡಿ ಎಳೆದ ಸುಮಾರು 2,300 ಕಿಲೋಮೀಟರ್ ಉದ್ದದ ಆಪ್ಟಿಕಲ್ ಕೇಬಲ್ ಶುರುವಾಯಿತು. ರಾಜಧಾನಿ ಶ್ರೀ ವಿಜಯಪುರಂಗೂ (ಹಳೆಯ ಪೋರ್ಟ್ ಬ್ಲೇರ್), ಸ್ವರಾಜ್ ದ್ವೀಪಕ್ಕೂ, ರಂಗತ್, ಲಿಟಲ್ ಅಂಡಮಾನ್, ಕಾರ್ ನಿಕೋಬಾರ್ ಮುಂತಾದ ಕಡೆಗೂ ಅದು ಮುಟ್ಟಿದೆ. ಈಗ ರಾಜಧಾನಿಯಲ್ಲಿ ವಿಡಿಯೋ ಕಾಲ್ ಕೂಡ ಮಾಡಬಹುದು.

ಆದರೆ ಕೇಬಲ್ ಬಂದು ಮುಟ್ಟುವುದು ದ್ವೀಪಕ್ಕೆ. ಅಲ್ಲಿಂದ ನಿಮ್ಮ ಫೋನಿಗೆ ಟವರ್ ಬೇಕು, ಟವರಿಗೆ ಕರೆಂಟ್ ಬೇಕು. ನಡು ಸಮುದ್ರದಲ್ಲಿ ಟವರ್ ಇಲ್ಲ. ಹಾಗಾಗಿ ನಿಮ್ಮ ದಿನಗಳನ್ನು ಮೂರು ಬಗೆ ಮಾಡಿ ಕಾಗದದ ಮೇಲೆ ಬರೆದುಕೊಳ್ಳಿ. ನೆಟ್ ಚೆನ್ನಾಗಿರುವ ಹೊತ್ತು, ಇದ್ದರೂ ಇಲ್ಲದಂತಿರುವ ಹೊತ್ತು, ಪೂರಾ ಇಲ್ಲದ ಹೊತ್ತು. ಊರೊಳಗಿನ ಹೋಟೆಲ್ ಮೊದಲನೆಯದು. ಕಡಲತೀರ, ಚಿಕ್ಕ ದ್ವೀಪ ಎರಡನೆಯದು. ಹಡಗು ಮೂರನೆಯದು. ಬಾರಾಟಾಂಗ್ ದ್ವೀಪದ ಕಡೆಗೆ ಕಾಡಿನ ನಡುವೆ ಹೋಗುವ ರಸ್ತೆಯೂ ಮೂರನೆಯದರ ಲೆಕ್ಕವೇ.

ರಾಜಧಾನಿಯಿಂದ ಸ್ವರಾಜ್ ದ್ವೀಪಕ್ಕೆ ಖಾಸಗಿ ವೇಗದ ಹಡಗಿನಲ್ಲಿ ಸುಮಾರು ಒಂದೂವರೆ ಗಂಟೆ. ಸರ್ಕಾರಿ ಹಡಗಾದರೆ ಎರಡು ಗಂಟೆಗೂ ಜಾಸ್ತಿ. ಹತ್ತುವ ಮುಂಚಿನ ಸಾಲು, ಸಾಮಾನು ತಪಾಸಣೆ, ಇಳಿದ ಮೇಲೆ ಗಾಡಿ ಹುಡುಕುವುದು, ಎಲ್ಲ ಸೇರಿಸಿದರೆ ಮೂರು ಗಂಟೆ ನೀವು ಯಾರಿಗೂ ಸಿಗುವುದಿಲ್ಲ. ಲೆಕ್ಕ ಹಾಕುವಾಗ ಮೂರು ಅಂತಲೇ ಹಾಕಿ.

ಸಿಮ್ ಬೇರೆ ತಗೊಳ್ಳಬೇಕಾ ಅಂತ ಕೇಳುತ್ತಾರೆ. ಬೇಡ, ಊರಿನ ಸಿಮ್ಮೇ ಅಲ್ಲಿ ನಡೆಯುತ್ತದೆ. ಎರಡು ಸಿಮ್ ಹಾಕುವ ಫೋನಾದರೆ ಎರಡೂ ಬೇರೆ ಬೇರೆ ಕಂಪನಿಯದಿರಲಿ. ಒಂದು ಸತ್ತ ಕಡೆ ಇನ್ನೊಂದು ಬದುಕಿರುತ್ತದೆ.

ಹಂತ 2: ಹೆಸರುಗಳ ಗೊಂದಲ ಮೊದಲೇ ಬಿಡಿಸಿ

ಇದು ಚಿಕ್ಕದು ಅನ್ನಿಸಬಹುದು. ಆದರೆ ನನಗೆ ಬರುವ ಮೆಸೇಜ್‌ಗಳಲ್ಲಿ ದೊಡ್ಡ ಪಾಲು ಇದೇ. 2018ರ ಡಿಸೆಂಬರ್‌ನಲ್ಲಿ ಹ್ಯಾವ್‌ಲಾಕ್ ದ್ವೀಪ ಸ್ವರಾಜ್ ದ್ವೀಪ ಆಯಿತು, ನೀಲ್ ದ್ವೀಪ ಶಹೀದ್ ದ್ವೀಪ ಆಯಿತು, ರಾಸ್ ದ್ವೀಪಕ್ಕೆ ನೇತಾಜಿ ಸುಭಾಷ್ ಚಂದ್ರ ಬೋಸ್ ದ್ವೀಪ ಅಂತ ಹೆಸರಿಟ್ಟರು. 2024ರ ಸೆಪ್ಟೆಂಬರ್‌ನಲ್ಲಿ ಪೋರ್ಟ್ ಬ್ಲೇರ್ ಹೋಗಿ ಶ್ರೀ ವಿಜಯಪುರಂ ಬಂತು. ಟಿಕೆಟ್‌ನಲ್ಲಿ ಒಂದು ಹೆಸರು, ಹೋಟೆಲ್ ಬೋರ್ಡಿನಲ್ಲಿ ಇನ್ನೊಂದು. "ನಾವು ಕೇಳಿದ್ದು ಹ್ಯಾವ್‌ಲಾಕು, ನೀವು ಸ್ವರಾಜ್ ದ್ವೀಪ ಅಂತ ಕೊಟ್ಟಿದೀರಲ್ಲ" ಅಂತ ಹಿರಿಯರು ಗಾಬರಿಯಿಂದ ಫೋನ್ ಮಾಡುತ್ತಾರೆ. ಹಣ ಕೊಟ್ಟವರ ಗಾಬರಿ ಅದು, ತಪ್ಪೇನಿಲ್ಲ. ಹಳೆಯ ಹೆಸರು, ಹೊಸ ಹೆಸರು ಎರಡನ್ನೂ ಅಕ್ಕಪಕ್ಕ ಬರೆದ ಒಂದು ಚಿತ್ರ ಮಾಡಿ, ಬುಕಿಂಗ್ ಆದ ದಿನವೇ ಕಳಿಸಿಬಿಡಿ.

ಹಂತ 3: ವ್ಯವಹಾರದ ಫೋನನ್ನು ಮನೆಯಲ್ಲೇ ಬಿಟ್ಟು ಹೋಗಿ

ನನ್ನ ದಾವಣಗೆರೆ ಪ್ರಸಂಗದ ಮೂಲ ಇಲ್ಲಿದೆ. ವಾಟ್ಸಾಪ್ ಬಿಸಿನೆಸ್ ಆ್ಯಪಿನ ಅವೇ ಮೆಸೇಜ್ ಹೋಗಬೇಕಾದರೆ ಆ ಫೋನಿಗೆ ಇಂಟರ್ನೆಟ್ ಇರಲೇಬೇಕು. ನಾವು ಅದನ್ನು ಹಾಕುವುದೇ ನೆಟ್ ಇಲ್ಲದ ಹೊತ್ತಿಗೆ. ಫೋನು ಹಡಗಿನಲ್ಲಿ ನಮ್ಮ ಜೊತೆ ಇದ್ದರೆ ಅದೂ ನಮ್ಮ ಹಾಗೆ ಬಾಯಿ ಮುಚ್ಚಿಕೊಂಡಿರುತ್ತದೆ.

ಹಾಗಾಗಿ ವ್ಯವಹಾರದ ನಂಬರ್ ಇರುವ ಮುಖ್ಯ ಫೋನನ್ನು ಊರಿನಲ್ಲಿ ವೈಫೈಗೆ ಸೇರಿಸಿ, ಚಾರ್ಜರಿಗೆ ಹಾಕಿ, ನಂಬಿಕಸ್ತರ ಹತ್ತಿರ ಬಿಡಿ. ಅದರಲ್ಲಿ ಲಿಂಕ್ಡ್ ಡಿವೈಸಸ್ ಅಂತ ಇದೆ. ಅಲ್ಲಿಂದ ನಾಲ್ಕು ಬೇರೆ ಸಾಧನಗಳನ್ನು ಅದೇ ಅಕೌಂಟಿಗೆ ಸೇರಿಸಬಹುದು. ನೀವು ಒಯ್ಯುವ ಫೋನು, ಲ್ಯಾಪ್‌ಟಾಪ್ ಎರಡನ್ನೂ ಸೇರಿಸಿಕೊಳ್ಳಿ. ಮುಖ್ಯ ಫೋನನ್ನು 14 ದಿನಕ್ಕಿಂತ ಜಾಸ್ತಿ ಯಾರೂ ಬಳಸದಿದ್ದರೆ ಸೇರಿಸಿದ ಸಾಧನಗಳೆಲ್ಲ ಲಾಗ್‌ಔಟ್ ಆಗುತ್ತವೆ. ಮನೆಯವರು ದಿನಕ್ಕೊಮ್ಮೆ ತೆರೆದು ನೋಡಿದರೆ ಆ ತೊಂದರೆ ಇಲ್ಲ.

ಇದರಿಂದ ಇನ್ನೊಂದು ಉಪಕಾರ ಇದೆ. ಒಟಿಪಿ ಬರುವ ಸಿಮ್ ಸುರಕ್ಷಿತವಾಗಿ ಊರಿನಲ್ಲಿರುತ್ತದೆ. ಸಮುದ್ರದ ನೀರು ತಾಗಿ ಫೋನ್ ಕೆಟ್ಟರೂ ವ್ಯವಹಾರ ನಿಲ್ಲುವುದಿಲ್ಲ.

ಫೇಸ್‌ಬುಕ್, ಇನ್‌ಸ್ಟಾಗ್ರಾಂ ಎರಡನ್ನೂ ಅವುಗಳ ಕಂಪನಿ ಮೆಟಾ ಕೊಡುವ ಮೆಟಾ ಬಿಸಿನೆಸ್ ಸೂಟ್‌ನಲ್ಲಿ ಒಂದೇ ಇನ್‌ಬಾಕ್ಸಿಗೆ ತನ್ನಿ. ಅಲ್ಲಿ ಹಾಕಿಡುವ ತಾನಾಗೇ ಹೋಗುವ ಉತ್ತರಗಳು ಮೆಟಾದ ಸರ್ವರಿನಿಂದ ಹೋಗುತ್ತವೆ. ನಿಮ್ಮ ಫೋನು ಬಂದ್ ಇದ್ದರೂ ಪರವಾಗಿಲ್ಲ. ಮನೆಯಲ್ಲಿ ನೋಡಿಕೊಳ್ಳುವವರಿಗೆ ಅಲ್ಲೇ ಬೇರೆ ಪ್ರವೇಶ ಕೊಡಬಹುದು. ನಿಮ್ಮ ಪಾಸ್‌ವರ್ಡ್ ಮಾತ್ರ ಯಾರಿಗೂ ಕೊಡಬೇಡಿ.

ಇನ್ನೊಂದು ಮಾತು. ಹೊಸ ಊರಿನಿಂದ ಲಾಗಿನ್ ಆದರೆ ಈ ಆ್ಯಪ್‌ಗಳು ಅನುಮಾನ ಪಡುತ್ತವೆ, ಕೋಡ್ ಕೇಳುತ್ತವೆ. ಎಸ್ಸೆಮ್ಮೆಸ್ ಕೋಡ್ ನಂಬಬೇಡಿ. ಅಥೆಂಟಿಕೇಟರ್ ಆ್ಯಪ್ ಹಾಕಿಕೊಳ್ಳಿ, ಅದು ನೆಟ್ ಇಲ್ಲದೆಯೂ ಕೋಡ್ ತೋರಿಸುತ್ತದೆ. ಬ್ಯಾಕಪ್ ಕೋಡ್‌ಗಳನ್ನು ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿಡಿ.

ಹಂತ 4: ಊರಿನಲ್ಲಿರುವವರಿಗೆ ಅಧಿಕಾರ ಕೊಡಿ

ನಮ್ಮಲ್ಲಿ ನನ್ನ ತಂಗಿ ಶಿವಮೊಗ್ಗದಲ್ಲಿ ಕೂತು ನೋಡಿಕೊಳ್ಳುತ್ತಾಳೆ. ಮೊದಮೊದಲು ಎಲ್ಲದಕ್ಕೂ ನನ್ನನ್ನೇ ಕೇಳುತ್ತಿದ್ದಳು. "ಅಕ್ಕ, ಇವರು ತಾರೀಕು ಬದಲಾಯಿಸಿ ಅಂತಿದಾರೆ, ಏನ್ ಹೇಳ್ಲಿ?" ನನಗೆ ಸಿಗ್ನಲ್ ಇಲ್ಲ, ಅವಳಿಗೆ ಧೈರ್ಯ ಇಲ್ಲ, ಗ್ರಾಹಕರಿಗೆ ಉತ್ತರ ಇಲ್ಲ. ಆಮೇಲೆ ಒಂದು ಹಾಳೆಯಲ್ಲಿ ಬರೆದುಕೊಟ್ಟೆ. ಬೆಲೆ, ತಾರೀಕು, ಹೋಟೆಲ್ ಫೋಟೋ, ರಸೀದಿ: ಕೇಳುವುದೇ ಬೇಡ, ನೀನೇ ಕಳಿಸು. ಎರಡು ಸಾವಿರದೊಳಗಿನ ರಿಯಾಯಿತಿ ಅಥವಾ ವಾಪಸಾತಿ: ನೀನೇ ತೀರ್ಮಾನಿಸು, ಆಮೇಲೆ ಹೇಳು. ಪೂರ್ತಿ ಹಣ ವಾಪಸ್, ಆರೋಗ್ಯದ ಪ್ರಶ್ನೆ, ಜಗಳ: "ಸಂಜೆ 6ರೊಳಗೆ ಅಕ್ಕನೇ ಫೋನ್ ಮಾಡುತ್ತಾರೆ" ಅಂತ ಹೇಳಿ ನನಗೆ ತಿಳಿಸು.

ನನಗೆ ತಿಳಿಸುವುದು ಹೇಗೆ? ಮಾಮೂಲಿ ಎಸ್ಸೆಮ್ಮೆಸ್‌ನಿಂದ. ನೆಟ್ ಓಡದ ಜಾಗದಲ್ಲೂ ಒಂದು ಕಡ್ಡಿ ಸಿಗ್ನಲ್ ಇದ್ದರೆ ಎಸ್ಸೆಮ್ಮೆಸ್ ಬರುತ್ತದೆ. "ತುರ್ತು, ದಾವಣಗೆರೆ, ಹಣ" ಅಂತ ಮೂರು ಪದ ಸಾಕು.

ಹಂತ 5: ಉತ್ತರಗಳನ್ನು ಹೊರಡುವ ಮುಂಚೆಯೇ ಬರೆದಿಡಿ

ವಾಟ್ಸಾಪ್ ಬಿಸಿನೆಸ್‌ನಲ್ಲಿ ಕ್ವಿಕ್ ರಿಪ್ಲೈ ಅಂತ ಇದೆ. 50 ಉತ್ತರಗಳವರೆಗೆ ಇಟ್ಟುಕೊಳ್ಳಬಹುದು. ಓರೆಗೆರೆ (/) ಒತ್ತಿ ಚಿಕ್ಕ ಪದ ಹಾಕಿದರೆ ಪೂರ್ತಿ ಉತ್ತರ ಬರುತ್ತದೆ. ನನಗೆ ಹನ್ನೆರಡೇ ಸಾಕಾಗಿವೆ. ಕಳೆದ ಎರಡು ತಿಂಗಳ ಚಾಟ್ ತೆರೆದು, ಜನ ಏನೇನು ಕೇಳಿದ್ದಾರೆ ಅಂತ ನೋಡಿ ಬರೆಯಿರಿ. ತಲೆಯಿಂದ ಬರೆದರೆ ನಮಗೆ ಹೇಳಬೇಕಾದದ್ದು ಬರುತ್ತದೆ, ಅವರು ಕೇಳುವುದು ಬರುವುದಿಲ್ಲ.

ಅವೇ ಮೆಸೇಜ್ ಬರೆಯುವಾಗ "ನಿಮ್ಮ ಸಂದೇಶ ನಮಗೆ ಅಮೂಲ್ಯ, ಶೀಘ್ರದಲ್ಲೇ ಸಂಪರ್ಕಿಸುತ್ತೇವೆ" ಅನ್ನುವ ಮಾತು ದಯವಿಟ್ಟು ಬೇಡ. ಶೀಘ್ರ ಅಂದರೆ ಎಷ್ಟು ಹೊತ್ತು ಅಂತ ಓದಿದವರಿಗೆ ಗೊತ್ತಾಗುವುದಿಲ್ಲ. ನಾನು ಈಗ ಹಾಕುವುದು ಇದು:

"ನಮಸ್ಕಾರ. ಇವತ್ತು ಗುಂಪಿನ ಜೊತೆ ಹಡಗಿನಲ್ಲಿದ್ದೇನೆ. ಮಧ್ಯಾಹ್ನ 12ರ ತನಕ ನನಗೆ ನೆಟ್ ಸಿಗುವುದಿಲ್ಲ. 12ರಿಂದ 1ರೊಳಗೆ ನಾನೇ ಉತ್ತರ ಕೊಡುತ್ತೇನೆ. ಹಣ ಕಳಿಸಿದ್ದರೆ ಚಿಂತೆ ಬೇಡ, ರಸೀದಿ ನಮ್ಮ ಆಫೀಸಿನಿಂದ ಬರುತ್ತದೆ. ತುರ್ತಿದ್ದರೆ ಇದೇ ನಂಬರಿಗೆ ಮಾಮೂಲಿ ಕಾಲ್ ಮಾಡಿ, ನನ್ನ ತಂಗಿ ತೆಗೆಯುತ್ತಾಳೆ."

ಇದನ್ನು ದಿನಾ ಬದಲಾಯಿಸಬೇಕು. ಹಿಂದಿನ ರಾತ್ರಿ ಮಲಗುವ ಮುಂಚೆ ತಂಗಿ ಮಾರನೇ ದಿನದ ಹೊತ್ತು ಹಾಕುತ್ತಾಳೆ. ಹೇಳುವ ಹೊತ್ತಿಗೆ ಯಾವಾಗಲೂ ಒಂದು ಗಂಟೆ ಸೇರಿಸಿ ಹೇಳಿ. 11ಕ್ಕೆ ಸಿಗುವುದಾದರೆ 12 ಅನ್ನಿ.

ನಿಮ್ಮದು ಆ್ಯಪ್ ಅಲ್ಲ, ದೊಡ್ಡ ಕಂಪನಿಗಳು ಬಳಸುವ ಎಪಿಐ ವ್ಯವಸ್ಥೆ ಆದರೆ ಒಂದು ಎಚ್ಚರ. ಗ್ರಾಹಕರ ಕೊನೆಯ ಮೆಸೇಜ್ ಬಂದು 24 ಗಂಟೆ ಕಳೆದ ಮೇಲೆ ನಿಮಗೆ ಬೇಕಾದ ಹಾಗೆ ಬರೆಯಲು ಬಿಡುವುದಿಲ್ಲ, ಮೊದಲೇ ಒಪ್ಪಿಗೆ ಪಡೆದ ಟೆಂಪ್ಲೇಟ್ ಮಾತ್ರ ಹೋಗುತ್ತದೆ. ಎರಡು ದಿನ ದ್ವೀಪದಲ್ಲಿ ಸಿಕ್ಕಿಬಿದ್ದರೆ ಈ ಗಡುವು ಮೀರಿಹೋಗುತ್ತದೆ.

ಹಂತ 6: ಫೋನು, ಬ್ಯಾಗು

ವಾಟ್ಸಾಪ್‌ನಲ್ಲಿ ಫೋಟೋ, ವಿಡಿಯೋ ತಾನಾಗೇ ಡೌನ್‌ಲೋಡ್ ಆಗುವುದನ್ನು ನಿಲ್ಲಿಸಿ. ಫೋಟೋ ಬ್ಯಾಕಪ್, ಆ್ಯಪ್ ಅಪ್‌ಡೇಟ್ ಕೂಡ ನಿಲ್ಲಿಸಿ. ಕ್ಷೀಣ ನೆಟ್‌ನಲ್ಲಿ ನಿಮ್ಮ ಒಂದು ಸಾಲಿನ ಉತ್ತರ ಇವೆಲ್ಲದರ ಹಿಂದೆ ಸಾಲಿನಲ್ಲಿ ನಿಲ್ಲುತ್ತದೆ. ಮ್ಯಾಪ್, ಟಿಕೆಟ್, ಗುಂಪಿನವರ ಪಟ್ಟಿ ಫೋನಿನೊಳಗೇ ಇರಲಿ, ಒಂದು ಪ್ರತಿ ಕಾಗದದಲ್ಲೂ ಇರಲಿ. ಪವರ್ ಬ್ಯಾಂಕ್ ವಿಮಾನದಲ್ಲಿ ಕೈಚೀಲದಲ್ಲೇ ಇಡಬೇಕು, 100 ವಾಟ್ ಅವರ್ ಒಳಗಿರಬೇಕು. 20,000 ಎಂಎಎಚ್‌ನದು ಸುಮಾರು 74 ಆಗುತ್ತದೆ, ತೊಂದರೆ ಇಲ್ಲ. ನಗದು ಒಯ್ಯಿರಿ. ನೆಟ್ ಇಲ್ಲದಿದ್ದರೆ ಯುಪಿಐ ಆ್ಯಪ್ ನಂಬಿ ಕೂರುವ ಹಾಗಿಲ್ಲ.

ಹಂತ 7: ಅಲ್ಲಿನ ಬೆಳಗನ್ನು ಬಳಸಿಕೊಳ್ಳಿ

ಅಂಡಮಾನ್ ಬೆಂಗಳೂರಿಗಿಂತ ಸುಮಾರು 15 ಡಿಗ್ರಿ ರೇಖಾಂಶ ಪೂರ್ವಕ್ಕಿದೆ. ಗಡಿಯಾರ ಮಾತ್ರ ಒಂದೇ. ಅಂದರೆ ಸೂರ್ಯ ಅಲ್ಲಿ ಹೆಚ್ಚುಕಡಿಮೆ ಒಂದು ಗಂಟೆ ಮೊದಲು ಹುಟ್ಟುತ್ತಾನೆ, ಒಂದು ಗಂಟೆ ಮೊದಲು ಮುಳುಗುತ್ತಾನೆ. ಡಿಸೆಂಬರಿನಲ್ಲಿ ಸಂಜೆ 5ಕ್ಕೆಲ್ಲ ಕತ್ತಲು ಶುರು. ಹೊಸದಾಗಿ ಹೋದವರು ಇದನ್ನು ತೊಂದರೆ ಅಂದುಕೊಳ್ಳುತ್ತಾರೆ. ನನಗೆ ಇದು ಅಲ್ಲಿನ ಅತಿ ಒಳ್ಳೆಯ ಕೊಡುಗೆ.

ಬೆಳಿಗ್ಗೆ 5ಕ್ಕೆ ಎದ್ದು ಹೋಟೆಲ್ ಜಗಲಿಯಲ್ಲಿ ಕೂರುತ್ತೇನೆ. ಬೆಳಕು ಹರಿಯುತ್ತಿರುತ್ತದೆ, ನೆಟ್ ಮೇಲೆ ಜನರ ಒತ್ತಡ ಇರುವುದಿಲ್ಲ, ಊರಿನಲ್ಲಿ ಗ್ರಾಹಕರು ಇನ್ನೂ ಎದ್ದಿರುವುದಿಲ್ಲ. ಹಿಂದಿನ ರಾತ್ರಿಯ ಮೆಸೇಜ್‌ಗಳಿಗೆಲ್ಲ ಆರೂವರೆಯೊಳಗೆ ಉತ್ತರ ಹೋಗುತ್ತದೆ. ಅವರು ಕಾಫಿ ಕುಡಿಯುವಾಗ ಫೋನ್ ನೋಡಿದರೆ ಉತ್ತರ ಕಾಯುತ್ತಿರುತ್ತದೆ. ಇನ್ನೊಂದು ಸುತ್ತು ಸಂಜೆ 6ರಿಂದ 7. ನಡುವೆ ಹಡಗು ಇಳಿದ ಕೂಡಲೇ ಕಾಲು ಗಂಟೆ, ಬರೀ ತುರ್ತಿನವಕ್ಕೆ.

ಲೇಬಲ್‌ಗಳು (ವಾಟ್ಸಾಪ್ ಬಿಸಿನೆಸ್‌ನಲ್ಲಿ ಚಾಟ್‌ಗಳಿಗೆ ಹಚ್ಚುವ ಗುರುತುಗಳು) ಇಲ್ಲಿ ಕೈಹಿಡಿಯುತ್ತವೆ. ನಾನು ಮೂರೇ ಇಟ್ಟಿದ್ದೇನೆ: "ಹಣದ ವಿಷಯ", "ಈಗ ಪ್ರವಾಸದಲ್ಲಿದ್ದಾರೆ", "ವಿಚಾರಣೆ". ಮೊದಲು ಹಣದ್ದು, ಆಮೇಲೆ ಉಳಿದದ್ದು.

ಹಡಗಿನಲ್ಲಿ ಕೂತು ಟೈಪ್ ಮಾಡಲು ಹೋಗಬೇಡಿ. ಅಲುಗಾಡುವ ಹಡಗಿನಲ್ಲಿ ಪರದೆ ನೋಡಿದರೆ ಹೊಟ್ಟೆ ತೊಳಸುತ್ತದೆ. ದೂರದ ನೀರಿನ ಗೆರೆ ನೋಡುತ್ತ ಕೂರಿ.

ಹಂತ 8: ಊರಿನಲ್ಲಿ ಕಾಯುವ ಮಕ್ಕಳಿಗೂ ಉತ್ತರ ಕೊಡಿ

ಈ ಹಂತದ ಬಗ್ಗೆ ನನಗೆ ತುಂಬಾ ಕಾಳಜಿ. ನಮ್ಮ ಜೊತೆ ಬರುವವರಲ್ಲಿ ನಿವೃತ್ತ ಮೇಷ್ಟ್ರುಗಳು, ಬ್ಯಾಂಕಿನವರು, ಅವರ ಹೆಂಡತಿಯರು ಜಾಸ್ತಿ. ಅವರ ಮಕ್ಕಳು ಬೆಂಗಳೂರಿನಲ್ಲೋ ಅಮೆರಿಕಾದಲ್ಲೋ ಇರುತ್ತಾರೆ. ಅಪ್ಪನ ಫೋನ್ ಸ್ವಿಚ್ ಆಫ್ ಬಂದರೆ ನಮ್ಮ ಇನ್‌ಸ್ಟಾಗ್ರಾಂ ರೀಲಿನ ಕೆಳಗೇ ಬರೆಯುತ್ತಾರೆ: "ನಮ್ಮ ಅಪ್ಪ ಅಮ್ಮ ನಿಮ್ಮ ಜೊತೆ ಬಂದಿದಾರೆ, ಬೆಳಿಗ್ಗೆಯಿಂದ ಫೋನ್ ಸಿಕ್ತಿಲ್ಲ, ದಯವಿಟ್ಟು ಹೇಳಿ." ಇದು ದೂರು ಅಲ್ಲ, ಭಯ. ಇದನ್ನು ಕಂಡ ತಕ್ಷಣ ಬೇರೆಲ್ಲ ಬಿಡಬೇಕು.

ಅದಕ್ಕೆ ಹೊರಡುವ ಮುಂಚೆಯೇ ಪ್ರತಿ ಮನೆಯಿಂದ ಒಬ್ಬರ ನಂಬರ್ ತೆಗೆದುಕೊಂಡು, ಅವರ ಒಪ್ಪಿಗೆ ಪಡೆದು, ಒಂದು ವಾಟ್ಸಾಪ್ ಗುಂಪು ಮಾಡಿ. ಅಡ್ಮಿನ್ ಮಾತ್ರ ಬರೆಯುವ ಹಾಗೆ ಸೆಟ್ ಮಾಡಿ, ಇಲ್ಲದಿದ್ದರೆ ಗುಡ್ ಮಾರ್ನಿಂಗ್ ಚಿತ್ರಗಳಲ್ಲಿ ಮುಖ್ಯ ವಿಷಯ ಮುಳುಗುತ್ತದೆ. ಬ್ರಾಡ್‌ಕಾಸ್ಟ್ ಲಿಸ್ಟ್ (ಒಂದೇ ಮೆಸೇಜನ್ನು ಹಲವರಿಗೆ ಬೇರೆ ಬೇರೆಯಾಗಿ ಕಳಿಸುವ ಪಟ್ಟಿ) ಬೇಡ. ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ.

ದಿನಕ್ಕೆ ಎರಡು ಮೂರು ಸಾಲು ಸಾಕು. "8:00. ಎಲ್ಲ 18 ಜನ ಹಡಗು ಹತ್ತಿದ್ದೇವೆ. 10ರ ತನಕ ಯಾರ ಫೋನೂ ಸಿಗುವುದಿಲ್ಲ." ಆಮೇಲೆ, "9:50. ಎಲ್ಲರೂ ಇಳಿದೆವು. ತಿಂಡಿಗೆ ಹೋಗುತ್ತಿದ್ದೇವೆ." ಕ್ಯಾಲಿಫೋರ್ನಿಯಾದಲ್ಲಿರುವ ಒಬ್ಬ ಮಗಳು ಒಮ್ಮೆ ಬರೆದಿದ್ದಳು, ಆ ಎರಡನೇ ಸಾಲು ಬರುವ ತನಕ ನಾನು ಮಲಗುವುದಿಲ್ಲ ಅಂತ. ಅಂದಿನಿಂದ ಕಾಲು ನೆಲಕ್ಕೆ ತಾಗಿದ ಮೇಲೆ ನನ್ನ ಮೊದಲ ಕೆಲಸ ಆ ಸಾಲು ಕಳಿಸುವುದು.

ಹಂತ 9: ಹಡಗು ರದ್ದಾದಾಗ

ಜೂನ್‌ನಿಂದ ಸೆಪ್ಟೆಂಬರ್ ಮಳೆಗಾಲದಲ್ಲಿ, ಮತ್ತೆ ವರ್ಷದ ಕೊನೆಯ ಚಂಡಮಾರುತದ ತಿಂಗಳುಗಳಲ್ಲಿ, ಸಮುದ್ರ ಒರಟಾದರೆ ಹಡಗು ನಿಲ್ಲಿಸುತ್ತಾರೆ. ಯಾರನ್ನು ಕೇಳಿಯೂ ಪ್ರಯೋಜನ ಇಲ್ಲ, ಜೀವದ ಪ್ರಶ್ನೆ. ಹಾಗಾಗಿ ವಾಪಸ್ ವಿಮಾನದ ಹಿಂದಿನ ರಾತ್ರಿಯನ್ನು ಶ್ರೀ ವಿಜಯಪುರಂನಲ್ಲೇ ಕಳೆಯುವ ಹಾಗೆ ಯೋಜನೆ ಹಾಕಿ. ಅದೇ ದಿನ ಹಡಗು, ಅದೇ ದಿನ ವಿಮಾನ ಬೇಡವೇ ಬೇಡ.

ರದ್ದಾಯಿತು ಅಂತ ತಿಳಿದ ಕೂಡಲೇ ಮೊದಲು ಜೊತೆಯಲ್ಲಿರುವವರಿಗೆ ಎದುರಿಗೇ ಹೇಳಿ. ಆಮೇಲೆ ಮನೆಯವರ ಗುಂಪಿಗೆ. ಆಮೇಲೆ ಮುಂದಿನ ವಾರ ಬರಬೇಕಾದವರಿಗೆ. ಪ್ರತಿ ಮೆಸೇಜಿನಲ್ಲೂ ಮೂರು ವಿಷಯ: ಏನಾಯಿತು, ಈಗ ಎಲ್ಲಿದ್ದೇವೆ, ಮುಂದಿನ ಸುದ್ದಿ ಎಷ್ಟು ಗಂಟೆಗೆ. ಸುದ್ದಿ ಏನೂ ಇಲ್ಲದಿದ್ದರೂ ಆ ಗಂಟೆಗೆ "ಇನ್ನೂ ತೀರ್ಮಾನ ಆಗಿಲ್ಲ, ಮತ್ತೆ 4ಕ್ಕೆ ಹೇಳುತ್ತೇನೆ" ಅಂತ ಬರೆಯಿರಿ.

ಈ ಹೊತ್ತಿನಲ್ಲಿ ನೀವೂ ಗ್ರಾಹಕರೇ. ವಿಮಾನ ಕಂಪನಿಗೆ ಹಳೆಯ ಟ್ವಿಟರ್ ಆದ ಎಕ್ಸ್‌ನಲ್ಲಿ ಬರೆದರೆ ಕೆಲವೊಮ್ಮೆ ಫೋನಿಗಿಂತ ಬೇಗ ಉತ್ತರ ಬರುತ್ತದೆ. ಆದರೆ ಪಿಎನ್‌ಆರ್, ಫೋನ್ ನಂಬರ್ ಎಲ್ಲರಿಗೂ ಕಾಣುವಂತೆ ಹಾಕಬೇಡಿ. ಹಾಕಿದ ಕೆಲವೇ ನಿಮಿಷಕ್ಕೆ ಅದೇ ಕಂಪನಿಯ ಲೋಗೋ ಹಾಕಿಕೊಂಡ ನಕಲಿ ಅಕೌಂಟ್ "ರೀಫಂಡ್ ಕೊಡುತ್ತೇವೆ" ಅಂತ ಬರುತ್ತದೆ. ಹಣ ಪಡೆಯಲು ಯುಪಿಐ ಪಿನ್ ಹಾಕುವ ಅಗತ್ಯವೇ ಇಲ್ಲ. ಪಿನ್ ಕೇಳಿದರೆ ಅದು ಮೋಸ. ಹಣ ಹೋಗಿಬಿಟ್ಟರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಸೇವೆಯ ಬಗ್ಗೆ ದೂರಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ನಿಮ್ಮ ಹೆಸರಿನಲ್ಲೂ ಇಂಥ ನಕಲಿ ಅಕೌಂಟ್ ಹುಟ್ಟಬಹುದು. ಹಣ ಹಾಕಬೇಕಾದ ಖಾತೆ ಯಾವುದು ಅಂತ ಸದಾ ಕಾಣುವ ಹಾಗೆ ಪುಟದ ಮೇಲ್ಗಡೆ ಪೋಸ್ಟ್ ಹಾಕಿಡಿ.

ಹಂತ 10: ಏನು ಪೋಸ್ಟ್ ಮಾಡಬಾರದು

ಬಾರಾಟಾಂಗ್ ರಸ್ತೆ ಜಾರವಾ ಆದಿವಾಸಿಗಳ ಕಾಡಿನ ಮೂಲಕ ಹೋಗುತ್ತದೆ. ಜಿರ್ಕಾಟಾಂಗ್‌ನಿಂದ ಗಾಡಿಗಳನ್ನು ಸಾಲಾಗಿ ಬಿಡುತ್ತಾರೆ. ಅಲ್ಲಿ ಅವರ ಫೋಟೋ, ವಿಡಿಯೋ ತೆಗೆಯುವುದು, ತಿಂಡಿ ಕೊಡುವುದು ಕಾನೂನಿನ ಪ್ರಕಾರ ಅಪರಾಧ. ಗುಂಪಿನವರಿಗೆ ಹಿಂದಿನ ದಿನವೇ ಹೇಳಿ, ಫೋನ್ ಬ್ಯಾಗಿನಲ್ಲಿಡಿಸಿ. ಯಾರಾದರೂ ಕಳಿಸಿದರೂ ನಿಮ್ಮ ಪುಟದಲ್ಲಿ ಹಾಕಬೇಡಿ. ಅವರೂ ಮನುಷ್ಯರು, ಅದು ಅವರ ಮನೆ. ಡ್ರೋನ್‌ಗೆ ಅನುಮತಿ ಬೇಕು. ಹವಳ ಹೆಕ್ಕಿ ತರುವುದೂ ಅಪರಾಧ.

ಉಳಿದ ಪೋಸ್ಟ್‌ಗಳನ್ನು ಊರಿನಲ್ಲಿದ್ದಾಗಲೇ ತಯಾರು ಮಾಡಿ ಶೆಡ್ಯೂಲ್ ಮಾಡಿಡಿ. ಆದರೆ ದಿನಾ ನೋಡಿ. ಹಡಗು ರದ್ದಾಗಿ ಜನ ಕಂಗಾಲಾಗಿರುವಾಗ "ನೀಲಿ ಸಮುದ್ರ ಕರೆಯುತ್ತಿದೆ" ಅಂತ ಪೋಸ್ಟ್ ಹೋದರೆ ಓದಿದವರಿಗೆ ನೋವಾಗುತ್ತದೆ.

ಲಕ್ಷದ್ವೀಪಕ್ಕೆ ಹೋಗುವವರಿಗೆ

ಕ್ರಮ ಇದೇ. ಎರಡು ವ್ಯತ್ಯಾಸ ಇದೆ. ಭಾರತೀಯರಿಗೂ ಅಲ್ಲಿ ಪ್ರವೇಶ ಪರವಾನಗಿ ಬೇಕು, ಅದು ಕೈಗೆ ಬರುವ ತನಕ ಗ್ರಾಹಕರಿಗೆ ತಾರೀಕು ಖಚಿತ ಅಂತ ಹೇಳಬೇಡಿ. ಕೊಚ್ಚಿಯಿಂದ ಸಮುದ್ರದಡಿಯ ಕೇಬಲ್ 2024ರ ಜನವರಿಯಲ್ಲಷ್ಟೇ ಶುರುವಾಗಿದೆ. ನಮ್ಮವರಿಗೆ ಆ ದ್ವೀಪಗಳು ಹೊಸವಲ್ಲ. ಅಮಿನಿ, ಕದ್ಮತ್, ಕಿಲ್ತಾನ್ ಮುಂತಾದವು 1956ರ ತನಕ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಮಂಗಳೂರಿನ ಹಳೆ ಬಂದರಿನಿಂದ ಸಾಮಾನು ಹೊತ್ತ ಮಂಜಿ ಅನ್ನುವ ದೋಣಿಗಳು ಅಲ್ಲಿಗೆ ಹೋಗುತ್ತಿದ್ದದ್ದು ಕರಾವಳಿಯವರಿಗೆ ಗೊತ್ತಿರುವ ವಿಷಯ.

ಕೊನೆಯ ಹಂತ: ವಾಪಸ್ ಬಂದ ದಿನ

ಅವೇ ಮೆಸೇಜ್ ತೆಗೆಯಿರಿ. ಇದನ್ನು ಮರೆತು, ಬೆಂಗಳೂರಿನಲ್ಲಿ ಕೂತಿದ್ದರೂ "ಹಡಗಿನಲ್ಲಿದ್ದೇನೆ" ಅಂತ ಉತ್ತರ ಹೋಗುವುದುಂಟು. ಬೇರೆ ಸಾಧನಗಳನ್ನು ಲಾಗ್‌ಔಟ್ ಮಾಡಿ. ತಂಗಿ ಕೊಟ್ಟ ಉತ್ತರಗಳನ್ನೆಲ್ಲ ಒಮ್ಮೆ ಓದಿ, ಅವಳು ಕೊಟ್ಟ ಮಾತು ಯಾವುದೂ ತಪ್ಪದ ಹಾಗೆ ಬರೆದಿಟ್ಟುಕೊಳ್ಳಿ. ಹೊಸ ಪ್ರಶ್ನೆ ಬಂದಿದ್ದರೆ ಕ್ವಿಕ್ ರಿಪ್ಲೈಗೆ ಸೇರಿಸಿ. ಮತ್ತೆ, ಕಾದವರು ಯಾರ್ಯಾರು ಅಂತ ನೋಡಿ ಒಬ್ಬೊಬ್ಬರಿಗೂ ಫೋನ್ ಮಾಡಿ. ಮೆಸೇಜ್ ಬೇಡ, ಫೋನೇ ಮಾಡಿ. ದಾವಣಗೆರೆಯವರಿಗೆ ನಾನು ಜೆಟ್ಟಿಯಿಂದಲೇ ಮಾಡಿದ್ದೆ. ಒಂದು ಕ್ಷಣ ಸುಮ್ಮನಿದ್ದು, "ಹುಷಾರಾಗಿ ತಲುಪಿದ್ರಾ ಮೇಡಂ?" ಅಂತ ಕೇಳಿದರು.